ಎರಡನೇ ಸಾಲಿನ ಚೌಕ

ಪುರಸಭೆಯ ಈಜುಕೊಳದ ಟಿಕೆಟ್ ಕಿಟಕಿಯ ಹಿಂದೆ ಅವಳ ತಾಯಿ ಕೂರುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮಗಳು ನೇರ ಅಲ್ಲಿಗೇ ಬಂದು, ತಾಯಿಯ ಪಾಳಿ ಮುಗಿಯುವ ತನಕ ಕಾಯಬೇಕಿತ್ತು. ನೀರು ಬದಲಿಸುವ ದಿನಗಳಲ್ಲಿ ಕೊಳ ಬರಿದಾಗಿರುತ್ತಿತ್ತು. ನೀಲಿ ಬಿಲ್ಲೆಗಳ ಆ ಹೊಂಡಕ್ಕಿಳಿದು ಹುಡುಗಿ ಒಂದು ಸ್ವರ ಹಿಡಿದಳೆಂದರೆ ಅದು ನಾಲ್ಕೂ ಗೋಡೆಗೆ ತಾಗಿ, ಮೈತುಂಬಿಕೊಂಡು, ಅವಳಿಗಿಂತ ದೊಡ್ಡದಾಗಿ ಮರಳಿ ಬರುತ್ತಿತ್ತು.

"ಯಾರೇ ಅದು ಹೊಂಡದಲ್ಲಿ? ಮೇಲೆ ಬಾ, ಕಾಲು ಜಾರಿದ್ರೆ ಹಲ್ಲು ಕೈಗೆ ಬರತ್ತೆ!" ಎಂದು ತಾಯಿ ಕಿಟಕಿಯಿಂದಲೇ ಕೂಗುತ್ತಿದ್ದಳು.

"ಇರ್ಲಿ ಬಿಡಮ್ಮ, ನೀರಿಲ್ಲದ ಕೊಳದಲ್ಲಿ ಮುಳುಗಿದೋರು ಯಾರಿದ್ದಾರೆ?" ಎನ್ನುತ್ತಿದ್ದ ಕಾವಲುಗಾರ.

ಅವನಿಗೆ ತಿಳಿಯದು, ಅವಳು ಮುಳುಗಿಯಾಗಿತ್ತು.

ಓದು ಮುಗಿಯುವ ಹೊತ್ತಿಗೆ ಆ ಸುಖಕ್ಕೊಂದು ವಿಳಾಸ ದೊರೆಯಿತು. ಪೀಠೋಪಕರಣದ ಮಳಿಗೆಯೊಂದರ ಮೇಲಂತಸ್ತಿನಲ್ಲಿ ಪ್ರತಿ ಶನಿವಾರ ಸಂಜೆ ವೃಂದಗಾನದ ತಂಡವೊಂದು ಅಭ್ಯಾಸ ನಡೆಸುತ್ತಿತ್ತು. ವಾರವಿಡೀ ಬೇರೆಬೇರೆ ಕಸುಬಿಗೆ ಬಾಗಿದ ಬೆನ್ನುಗಳು ಅಲ್ಲಿ ಮರದ ಮೆಟ್ಟಿಲುಗಳ ಮೇಲೆ ಮೂರು ಸಾಲಾಗಿ ನೆಟ್ಟಗಾಗುತ್ತಿದ್ದವು. ಕೆಳಗಿನ ಮಳಿಗೆಯ ವಾರ್ನಿಷ್ ವಾಸನೆ ನೆಲದ ಸಂದುಗಳಿಂದ ಏರಿ ಬಂದು ಎಲ್ಲರ ಬಟ್ಟೆಗೂ ಹತ್ತುತ್ತಿತ್ತು. ಮನೆಗೆ ಹೋದ ಮೇಲೂ ಆ ವಾಸನೆಯಿಂದಲೇ ಶನಿವಾರವನ್ನು ಗುರುತಿಸಬಹುದಿತ್ತು. ತಂಡವನ್ನು ನಡೆಸುತ್ತಿದ್ದವರು ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವಳ ದನಿಯಲ್ಲಿ ಅವರಿಗೆ ಅಂಥ ಮಾಧುರ್ಯವೇನೂ ಕಾಣಲಿಲ್ಲ. ಅವರು ಮೆಚ್ಚಿದ್ದು, ಹಿಡಿದ ಶ್ರುತಿಯನ್ನು ಅವಳು ಕೂದಲೆಳೆಯಷ್ಟೂ ಬಿಡದಿದ್ದುದನ್ನು.

"ನೀನು ಹಾಡುಗಾರ್ತಿ ಅಲ್ಲಮ್ಮ, ಗೂಟ," ಎಂದರು ಮೊದಲ ವರ್ಷವೇ. "ನಿನ್ನನ್ನ ಎರಡನೇ ಸಾಲಿನ ನಡುವೆ ಹೊಡೆದು ನಿಲ್ಲಿಸಿದ್ರೆ ಸಾಕು, ಉಳಿದ ಕರುಗಳು ಎಲ್ಲೂ ತಪ್ಪಿಸ್ಕೊಳ್ಳಲ್ಲ."

ಅಂದಿನಿಂದ ಅವಳು ಎಲ್ಲರಿಗೂ ಗೂಟದಕ್ಕ. ಅವಳಿಗಿಂತ ಹಿರಿಯರೂ ಅಕ್ಕ ಎಂದೇ ಕರೆದರು. ಮೇಷ್ಟ್ರ ಮುರಿದ ಕನ್ನಡಕವನ್ನು ತಲುಪಿಸಲು ಬಂದ ಕನ್ನಡಕದಂಗಡಿಯವನೊಬ್ಬ, ಹಾಡು ಮುಗಿಯುವವರೆಗೆ ಬಾಗಿಲಲ್ಲೇ ನಿಂತು, "ಇದರಲ್ಲಿ ನಿಮ್ಮ ದನಿ ಯಾವುದು?" ಎಂದು ಕೇಳಿದ. "ಗೊತ್ತಾಗದಿದ್ರೆ ಚೆನ್ನಾಗಿ ಹಾಡಿದ್ದೀನಿ ಅಂತ ಅರ್ಥ," ಎಂದಳು. ಅವನು ಅವಳ ಗಂಡನಾದ. ಅವಳ ದನಿ ಯಾವುದೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಹೊಟ್ಟೆಪಾಡಿಗೆ ಅವಳು ಪ್ರೋಗ್ರಾಮರ್. ಗೋದಾಮುಗಳಲ್ಲಿ ಯಾವ ಸರಕು ಉಳಿದಿದೆ, ಯಾವುದು ಹೊರಟುಹೋಗಿದೆ ಎಂಬುದನ್ನು ತೋರಿಸುವ ವೆಬ್ ಪುಟಗಳನ್ನು ಕಟ್ಟುವ ಸಣ್ಣ ಕಚೇರಿ. ಎದುರುಬದುರಾಗಿ ಮೇಜು, ಕಿಟಕಿಯಾಚೆ ಟೈರು ಮಾರುವವರ ಅಂಗಳ. ಅವರು ಬಳಸುತ್ತಿದ್ದ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನ ಸೊಗಸೆಂದರೆ, ವಸ್ತುಗಳ ಸಂಗ್ರಹವೊಂದನ್ನು ಅದರ ಕೈಗೊಪ್ಪಿಸಿದರೆ ಸಾಕು, ಪರದೆಯ ಮೇಲಿನ ಚಿತ್ರವನ್ನು ಅದೇ ನೋಡಿಕೊಳ್ಳುತ್ತದೆ. ಸಂಗ್ರಹಕ್ಕೆ ಒಂದನ್ನು ಸೇರಿಸಿದರೆ ಪರದೆಯಲ್ಲಿ ಒಂದು ಮೂಡುತ್ತದೆ. ಒಂದನ್ನು ತೆಗೆದರೆ ಅದು ಮಾಸಿಹೋಗಿ, ಮುಂದಿನವು ಸರಿದು ಬಂದು, ಅಲ್ಲೊಂದು ವಸ್ತು ಇತ್ತೆಂಬ ಸುಳಿವೂ ಉಳಿಯುವುದಿಲ್ಲ. ಸೇರಿಸುವುದು ಯಾರಿಗಾದರೂ ಬರುತ್ತದೆ, ತೆಗೆಯುವುದರಲ್ಲೇ ಕಸುಬಿರುವುದು ಎಂಬುದು ಅವಳ ಮಾತು. ಹೊಸದಾಗಿ ಸೇರಿದವರನ್ನೆಲ್ಲ ಪಕ್ಕಕ್ಕೆ ಕೂರಿಸಿಕೊಂಡು ಹೇಳುತ್ತಿದ್ದಳು: "ಸಾಲಲ್ಲಿ ನಡ್ಕೊಂಡು ಹೋಗ್ತಾ ಹೋಗ್ತಾ ಕಿತ್ತು ಹಾಕ್ಬೇಡಿ, ಕೈ ಸುಟ್ಕೋತೀರಿ. ಉಳಿಯೋರನ್ನ ಆರಿಸಿ ಹೊಸ ಸಾಲು ಮಾಡಿ. ಕೀಳಲೇಬೇಕು ಅಂದ್ರೆ ಹಿಂದಿನಿಂದ ಬನ್ನಿ."

"ಈ ಅಕ್ಕ ಸತ್ತ ಮೇಲೂ ಬಂದು ಇದನ್ನೇ ಹೇಳ್ತಾರೆ," ಎಂದು ಕಚೇರಿಯವರು ನಗುತ್ತಿದ್ದರು.

ಅವಳ ಕುತ್ತಿಗೆಯ ಗ್ರಂಥಿಯಲ್ಲಿ ಗಂಟು ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ವೈದ್ಯೆ ಬಿಡಿಸಿ ಹೇಳಿದ್ದಳು: ಗಂಟು ದನಿಯ ನರವನ್ನು ಅಪ್ಪಿಕೊಂಡಿದೆ, ಒಂದನ್ನು ತೆಗೆಯುವಾಗ ಇನ್ನೊಂದು ಉಳಿಯುತ್ತದೆಂದು ಮಾತು ಕೊಡಲಾರೆ. ಗಂಟು ಹೋಯಿತು, ಜೀವ ಉಳಿಯಿತು, ನರ ಉಳಿಯಲಿಲ್ಲ. ಗಂಟಲಿನಿಂದ ಹೊರಡುವುದೀಗ ಒದ್ದೆ ರಟ್ಟನ್ನು ಹರಿದಂಥ ಸದ್ದು. ಫೋನಿನಲ್ಲಿ ಅಪರಿಚಿತರು "ಹೇಳಿ ಸಾರ್" ಎನ್ನುತ್ತಿದ್ದರು. ಮೊದಮೊದಲು ತಿದ್ದಿದಳು, ಆಮೇಲೆ ಸಾರ್ ಆಗಿಯೇ ಗ್ಯಾಸ್ ಬುಕ್ ಮಾಡಿದಳು. ಗಂಡ ನಕ್ಕರೆ ತಾನೂ ನಗುತ್ತಿದ್ದಳು. ಶನಿವಾರ ಸಂಜೆ ಮಾತ್ರ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಆ ಹೊತ್ತಿಗೆ ಅವಳು ಬಟ್ಟೆ ಮಡಚುತ್ತಿದ್ದಳು, ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚುತ್ತಿದ್ದಳು.

ಹಾಡಲಾರದವಳು ತಂಡಕ್ಕೊಂದು ಪುಟ ಕಟ್ಟಿಕೊಟ್ಟಳು. ಯಾರೂ ಕೇಳಿರಲಿಲ್ಲ. ಒಳಗೆ ಉಳಿಯಲು ಅವಳಿಗೆ ಕಂಡ ಬಾಗಿಲು ಅದೊಂದೇ. ಪುಟ ತೆರೆದರೆ ವೇದಿಕೆಯನ್ನು ಮೇಲಿನಿಂದ ನೋಡಿದಂತೆ ಮೂರು ಸಾಲು, ಸಾಲಿನಲ್ಲಿ ಚೌಕಗಳು, ಚೌಕದೊಳಗೆ ಒಬ್ಬೊಬ್ಬರ ಹೆಸರು, ಅವರು ನಿಲ್ಲುವ ಕ್ರಮದಲ್ಲೇ. ಎರಡನೇ ಸಾಲಿನ ನಡುವೆ, ನರ್ಸಮ್ಮ ಮತ್ತು ದರ್ಜಿಯಕ್ಕನ ನಡುವೆ, ತನ್ನ ಚೌಕವನ್ನೂ ಇಟ್ಟಿದ್ದಳು. ಯಾರೂ ಆಕ್ಷೇಪಿಸಲಿಲ್ಲ.

ಆ ವರ್ಷದ ಸಂಗೀತ ಕಛೇರಿಗೆ ದೊರೆತ ವೇದಿಕೆ ಕಿರಿದು. ತಂಡದ ಕಾರ್ಯದರ್ಶಿಯಾಗಿದ್ದ ಹಲ್ಲಿನ ಡಾಕ್ಟರು ಫೋನ್ ಮಾಡಿದರು.

"ಗೂಟದಕ್ಕ, ಹೋದ ವರ್ಷ ಒಂದು ಅಭ್ಯಾಸಕ್ಕೂ ಬರದೇ ಇರೋರನ್ನ ಪುಟದಿಂದ ತೆಗೀಬೇಕಂತೆ. ಮೇಷ್ಟ್ರ ನಿಯಮ. ಹಾಡಿನ ಹಾಳೆ, ನಿಲ್ಲೋ ಜಾಗ ಎಲ್ಲ ಉಳಿದೋರಿಗೆ ಮಾತ್ರ. ನಿಮ್ಮ ವಿಷಯ... ನೀವೇ ನೋಡ್ಕೊಳ್ಳಿ. ನಾನು ಏನೂ ಹೇಳಿಲ್ಲ."

"ನಿಯಮ ಅಂದ್ರೆ ನಿಯಮ ಡಾಕ್ಟ್ರೇ. ಎಷ್ಟು ಜನರ ಹಲ್ಲು ಕಿತ್ತಿದ್ದೀರಿ, ಇದಕ್ಕೆ ಯಾಕೆ ಕೈ ನಡುಗತ್ತೆ?"

"ಅರಿವಳಿಕೆ ಕೊಟ್ಟು ಕೀಳ್ತೀನಿ ತಾಯಿ," ಎಂದರು ಅವರು.

ಭಾನುವಾರ ಮಧ್ಯಾಹ್ನ, ಕುಕ್ಕರಿನ ಸೀಟಿಗೆ ಕಿವಿಗೊಟ್ಟುಕೊಂಡೇ, ಅವಳು ನಾಲ್ಕು ಸಾಲು ಕೋಡ್ ಬರೆದಳು: ಸಂಗ್ರಹದ ಮೊದಲಿನಿಂದ ಹೊರಡು, ಹಾಜರಿ ಸೊನ್ನೆಯಿದ್ದವರನ್ನು ತೆಗೆ, ಮುಂದಕ್ಕೆ ನಡೆ. ಓಡಿಸಿದಳು. ಪರದೆಯ ಕಡೆ ನೋಡದೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಒಲೆ ಆರಿಸಲು ಹೋದಳು. ಅದುವರೆಗೆ ಒಮ್ಮೆಯೂ ಹಾಗೆ ಮುಚ್ಚಿದವಳಲ್ಲ.

ಎರಡು ದಿನ ಕಳೆದು ಡಾಕ್ಟರು ಮತ್ತೆ ಫೋನ್ ಮಾಡಿದರು.

"ಒಂದು ಗೋಳು ಬಂದಿದೆ. ಬೀಗದ ಅಣ್ಣ ನನ್ನ ಕ್ಲಿನಿಕ್ಕಲ್ಲೇ ಬಂದು ಕೂತಿದ್ದಾನೆ. ಹಲ್ಲುನೋವಂತೂ ಇಲ್ಲ, ಹೊಟ್ಟೆನೋವು. 'ನನ್ನನ್ನ ಕಿತ್ತು, ನನ್ನ ತಮ್ಮನನ್ನ ಉಳಿಸ್ಕೊಂಡಿದ್ದೀರಲ್ಲ, ಅವನು ಯಾವಾಗ ಬಂದಿದ್ದ?' ಅಂತಾನೆ."

ಬೀಗ ರಿಪೇರಿಯ ಆ ಅಣ್ಣತಮ್ಮಂದಿರ ಕಥೆ ತಂಡಕ್ಕೆಲ್ಲ ಗೊತ್ತಿತ್ತು. ಅಂಗಡಿಯ ನಡುವೆ ಗೋಡೆ ಎದ್ದ ಮೇಲೆ, ಒಬ್ಬ ಬಂದಾನೆಂದು ಇನ್ನೊಬ್ಬ, ಇನ್ನೊಬ್ಬ ಬಂದಾನೆಂದು ಇವನು, ಹೀಗೆ ಇಬ್ಬರೂ ಬರುವುದನ್ನು ಬಿಟ್ಟಿದ್ದರು. ಹಿಂದಿನ ಸಾಲಿನಲ್ಲಿ ಅವರ ಜಾಗ ಅಕ್ಕಪಕ್ಕ.

"ಅಕ್ಕಪಕ್ಕ," ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಫೋನಿಡುವ ಮೊದಲೇ ಅವಳಿಗೆ ತಪ್ಪು ಸಿಕ್ಕಿತ್ತು. ಬೆಂಚಿನ ಮೇಲೆ ಸಾಲಾಗಿ ಕೂತವರಲ್ಲಿ ಒಬ್ಬನನ್ನು ಎಬ್ಬಿಸಿ ಕಳಿಸಿದರೆ, ಆಚೆಯವನು ಆ ಜಾಗಕ್ಕೆ ಸರಿದು ಕೂರುತ್ತಾನೆ. ಎಬ್ಬಿಸುವವನು ಅದನ್ನು ಗಮನಿಸದೆ ಮುಂದಿನ ಜಾಗಕ್ಕೆ ಹೆಜ್ಜೆಯಿಟ್ಟರೆ, ಸರಿದು ಕೂತವನನ್ನು ಯಾರೂ ಮಾತಾಡಿಸುವುದೇ ಇಲ್ಲ. ಅಣ್ಣನನ್ನು ತೆಗೆದ ಕೂಡಲೇ ತಮ್ಮ ಅವನ ಜಾಗಕ್ಕೆ ಸರಿದಿದ್ದ. ಸಾಲಿನುದ್ದಕ್ಕೂ ಹೆಜ್ಜೆಯಿಡುವ ಲೂಪ್ ಅವನನ್ನು ದಾಟಿ ಹೋಗಿತ್ತು. ಕಚೇರಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಅವಳು ಇಡೀ ವಾರ ಆಡಿಕೊಳ್ಳುತ್ತಿದ್ದಳು.

ಎರಡನೇ ಸಾಲಿನ ನರ್ಸಮ್ಮ ವರ್ಗವಾಗಿ ಬೇರೆ ಊರಿಗೆ ಹೋಗಿದ್ದಳು. ಅವಳ ಪಕ್ಕದ ಚೌಕ ಯಾರದು?

ಅವಳು ಪುಟ ತೆರೆದಳು. ನರ್ಸಮ್ಮ ಇರಲಿಲ್ಲ. ನರ್ಸಮ್ಮನ ಜಾಗದಲ್ಲಿ, ದರ್ಜಿಯಕ್ಕನ ಮಗ್ಗುಲಲ್ಲಿ, ಅವಳದೇ ಹೆಸರು ನಿಶ್ಚಿಂತೆಯಿಂದ ಕೂತಿತ್ತು. ಮೇಲ್ ನೋಡಿದರೆ, ಪುಟ ತಾನಾಗಿ ಉಳಿದವರಿಗೆಲ್ಲ ಕಳಿಸಿದ ಕರೆ ಅವಳಿಗೂ ಬಂದಿತ್ತು: ಶನಿವಾರ ಅಭ್ಯಾಸ, ತಪ್ಪದೆ ಬನ್ನಿ, ಹಾಳೆ ಲಗತ್ತಿಸಿದೆ. ತಾನೇ ಬರೆದಿಟ್ಟ ಒಕ್ಕಣೆ. ತನ್ನನ್ನು ಯಾರೋ ಕರೆದಂತೆ ಅದನ್ನು ಮತ್ತೆ ಮತ್ತೆ ಓದಿದಳು.

ತಿದ್ದುವುದು ಎಷ್ಟರ ಕೆಲಸ! ಆದರೆ ತಿದ್ದಿದರೆ ತಮ್ಮನೊಂದಿಗೆ ತಾನೂ ಹೋಗಬೇಕು. ತಮ್ಮನೊಬ್ಬನನ್ನೇ ಕೈಯಾರೆ ತೆಗೆದು ಸುಮ್ಮನಿದ್ದುಬಿಟ್ಟರೆ ಕೇಳುವವರು ಯಾರು? ಡಾಕ್ಟರಂತೂ ಮುಖ ತಿರುಗಿಸಿಯಾಗಿದೆ. ಮರುದಿನ ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ಗಂಡನ ಅಂಗಡಿಗೆ ಹೋದಾಗ, ಅವನು ಗಾಜೊಂದರ ಅಂಚನ್ನು ಉಜ್ಜುತ್ತಿದ್ದ.

"ರೀ, ಒಂದು ತಪ್ಪಾಗಿದೆ. ತಿದ್ದಿದ್ರೆ ನಾನು ತಂಡದಿಂದ ಹೋಗ್ತೀನಿ."

"ನೀನು ಹೋಗಿ ಆಗಲೇ..." ಎಂದವನು ನಾಲಿಗೆ ಕಚ್ಚಿಕೊಂಡ.

"ಹೇಳಿ, ಅರ್ಧಕ್ಕೆ ನಿಲ್ಲಿಸ್ಬೇಡಿ."

ಅವನು ಗಾಜನ್ನು ಬೆಳಕಿಗೆ ಹಿಡಿದು ನೋಡಿದ. "ಹಾಡಿನ ವಿಷಯ ನನ್ನನ್ನ ಕೇಳಬೇಡ ಕಣೇ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ನಂಗೆ ಗೊತ್ತಿರೋದು ಕನ್ನಡಕ. ಇಲ್ಲಿಗೆ ಒಬ್ಬ ಅಜ್ಜ ಬರ್ತಾರೆ, ಎರಡು ಕಣ್ಣೂ ಪೂರ್ತಿ ಹೋಗಿದೆ. ಒಂದೊಂದೇ ಫ್ರೇಮ್ ಹಾಕ್ಕೊಂಡು ಕನ್ನಡಿ ಮುಂದೆ ಕೂರ್ತಾರೆ. ನಾನು ಎಬ್ಬಿಸಲ್ಲ."

"ಹಾಗಾದ್ರೆ ತಿದ್ದಬೇಡ ಅಂತೀರಾ?"

"ಶನಿವಾರ ಹೋಗಿ ಬಾ ಅಂತೀನಿ. ಕರೆ ಬಂದಿದೆಯಲ್ಲ. ಬುತ್ತೀಲಿ ಏನಿದೆ?"

ಅವಳು ಹೋದಳು. ಮೆಟ್ಟಿಲು ಹತ್ತುವಾಗ ವಾರ್ನಿಷ್ ಮೂಗಿಗೆ ಬಡಿದದ್ದೇ ಕಣ್ಣು ತುಂಬಿಕೊಂಡಿತು. ಧೂಳು ಎಂದು ಯಾರಿಗೋ ಹೇಳಿದಳು, ಯಾರೂ ಕೇಳಿರಲಿಲ್ಲ. ಡಾಕ್ಟರು ಪುಟದಲ್ಲಿದ್ದ ಕ್ರಮದಲ್ಲೇ ಮರದ ಮೆಟ್ಟಿಲುಗಳ ಮೇಲೆ ಬಿಳಿಯ ಟೇಪಿನ ತುಂಡುಗಳನ್ನು ಅಂಟಿಸಿ, ಒಬ್ಬೊಬ್ಬರಿಗೆ ಒಂದೊಂದು ಜಾಗ ಗುರುತು ಮಾಡಿದ್ದರು. ಅವಳದೂ ಇತ್ತು.

"ಬಂದ್ಯಾ ಮಹಾರಾಯ್ತಿ!" ದರ್ಜಿಯಕ್ಕ ಸೊಂಟಕ್ಕೊಂದು ಗುದ್ದು ಕೊಟ್ಟಳು. "ರವಿಕೆ ಅಳತೆ ಬದಲಾಗಿದೆ ನಿಂದು. ಊಟ ಗೀಟ ಮಾಡ್ತೀಯೋ ಇಲ್ವೋ?"

ಮೇಷ್ಟ್ರು ಅವಳನ್ನು ನೋಡಿದರು. ಕೈಯೆತ್ತಿದರು. ಎಲ್ಲರ ಎದೆ ಒಟ್ಟಿಗೆ ಉಬ್ಬಿತು. ಮೊದಲ ಸ್ವರ ಅವಳ ಒಳಗೆ ಅಚ್ಚುಕಟ್ಟಾಗಿ, ಹಿಂದೆ ಇದ್ದಂತೆಯೇ ಸಿದ್ಧವಾಗಿತ್ತು. ಅದು ಎಲ್ಲಿರಬೇಕೆಂದು ಅವಳಿಗೆ ಕತ್ತಲಲ್ಲಿ ದೀಪದ ಗುಂಡಿ ಗೊತ್ತಿರುವಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಬಾಯ್ದೆರೆದಳು.

ಹಾಡಿನ ಎರಡು ಸಾಲು ಮುಗಿಯುವುದರೊಳಗೆ ಮೇಷ್ಟ್ರು ನಿಲ್ಲಿಸಿದರು. "ಎರಡನೇ ಸಾಲಿನ ಹಿಂದೆ ಕಿಟಕಿ ತೆಗೆದಿದೆಯಾ? ಗಾಳಿ ಹೊಡೀತಿದೆ."

ಕಿಟಕಿ ಮುಚ್ಚಿಯೇ ಇತ್ತು. ಮೊದಲ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾತು ಬಾಯಿಂದ ಬಿದ್ದ ಮೇಲೆಯೇ ಮೇಷ್ಟ್ರಿಗೆ ಅದು ಯಾವ ಗಾಳಿಯೆಂದು ತಿಳಿದದ್ದು. ಕೈಯಲ್ಲಿದ್ದ ಹಾಳೆಯನ್ನು ಸುಮ್ಮನೆ ತಿರುವಿಹಾಕಿದರು. ಉಳಿದ ಹೊತ್ತೆಲ್ಲ ಅವಳು ತುಟಿಯನ್ನಷ್ಟೇ ಆಡಿಸಿದಳು. ಅಷ್ಟೂ ಹೊತ್ತು ಅವರು ಎರಡನೇ ಸಾಲಿನ ಕಡೆ ನೋಡಲಿಲ್ಲ.

ಎಲ್ಲರೂ ಇಳಿದು ಹೋದ ಮೇಲೆ ಅವಳು ಮಹಡಿ ಮೆಟ್ಟಿಲಲ್ಲಿ ಅವರನ್ನು ತಡೆದು ನಿಲ್ಲಿಸಿದಳು.

"ಮೇಷ್ಟ್ರೇ, ದನಿ ಎತ್ತಲ್ಲ. ಹೀಗೇ ತುಟಿ ಆಡಿಸ್ಕೊಂಡು ಇರ್ತೀನಿ. ನಿಲ್ಲೋಕೆ ಜಾಗ ಕೊಡಿ ಸಾಕು."

"ನಿನ್ನ ಪಕ್ಕ ಒಬ್ರು ಹಾಗೆ ನಿಂತಿದ್ರೆ ನೀನೇನು ಮಾಡ್ತಿದ್ದೆ?"

"ಮೊಣಕೈಯಲ್ಲಿ ತಿವೀತಿದ್ದೆ," ಎಂದು ಅವಳು ಒಪ್ಪಿಕೊಂಡಳು.

"ಕೇಳೋಕೆ ಬಂದೋರಿಗೆ ಗೊತ್ತಾಗಲ್ಲಮ್ಮ. ಪಕ್ಕದೋರಿಗೆ ಗೊತ್ತಾಗತ್ತೆ. ಅವರು ಒರಗೋಕೆ ಹೋಗ್ತಾರೆ, ಅಲ್ಲಿ ಗೋಡೆ ಇರಲ್ಲ. ಹಾಳೆ ಹಂಚೋದು, ಕುರ್ಚಿ ಹಾಕ್ಸೋದು, ಏನಾದ್ರೂ ಜವಾಬ್ದಾರಿ ತಗೋ."

"ಬೇಡ ಮೇಷ್ಟ್ರೇ. ಹಸಿದೋಳನ್ನ ಬಡಿಸೋಕೆ ನಿಲ್ಲಿಸಿದ್ರೆ ಹಸಿವು ಇನ್ನೂ ಜಾಸ್ತಿ ಆಗತ್ತೆ."

ಅವಳು ಕೋಡನ್ನು ತಿದ್ದಿದಳು. ಈ ಸಲ ಕೀಳುತ್ತಾ ನಡೆಯಲಿಲ್ಲ. ಉಳಿಯಬೇಕಾದವರನ್ನು ಆರಿಸಿ ಹೊಸ ಸಂಗ್ರಹ ಮಾಡಿದಳು. ಬೀಗದ ತಮ್ಮ ಹೋದ. ತನ್ನೊಬ್ಬಳ ಹೆಸರಿಗೆ ಮಾತ್ರ ಆ ಜರಡಿ ಹಿಡಿಯದೆ, ತನ್ನ ವಿಲೇವಾರಿಗೆ ಬೇರೊಂದು ದಾರಿ ಹಿಡಿದಳು. ಜಾವಾಸ್ಕ್ರಿಪ್ಟಿನಲ್ಲಿ ಬಲ್ಲವರು ಮೂಗು ಮುರಿಯುವ ವಿಧಾನವೊಂದಿದೆ: ವಸ್ತುವನ್ನು ಅಳಿಸಿ, ಜಾಗವನ್ನು ಉಳಿಸುವುದು. ಸಾಲಿನ ಉದ್ದ ಕುಗ್ಗುವುದಿಲ್ಲ, ಯಾರೂ ಸರಿಯುವುದಿಲ್ಲ, ನಡುವೆ ಒಂದು ತೂತು ಹಾಗೇ ಇರುತ್ತದೆ. ತೂತು ಎದುರಾದ ಕೂಡಲೇ ಪುಟ ಮುಗ್ಗರಿಸಿತು. ಹೆಸರಿಲ್ಲದ ಕಡೆ ಬರಿಯ ಚೌಕವನ್ನು ಬಿಡಿಸು ಎಂದು ಅದಕ್ಕೊಂದು ಷರತ್ತು ಬರೆದಳು. ಎರಡನೇ ಸಾಲಿನಲ್ಲಿ ಖಾಲಿ ಚೌಕ ಮೂಡಿತು. ಅವಳು ಅದರಲ್ಲಿಲ್ಲ, ಆದರೆ ಬೇರೆ ಯಾರೂ ಇಲ್ಲ. ಇಷ್ಟಾದರೂ ಇರಲಿ ಎಂದುಕೊಂಡಳು.

ಇತ್ತ ಬೀಗದಂಗಡಿಯಲ್ಲಿ ಪವಾಡವೇ ನಡೆಯಿತು. ಇಬ್ಬರನ್ನೂ ತೆಗೆದಿದ್ದಾರೆಂದು ತಿಳಿದದ್ದೇ ಅಣ್ಣತಮ್ಮಂದಿರು ಜೊತೆಯಾಗಿ ಕ್ಲಿನಿಕ್ಕಿಗೆ ನುಗ್ಗಿದರು.

"ಮನೆತನಕ್ಕೇ ಅವಮಾನ ಮಾಡಿದ್ದೀರಿ!" ಎಂದನಂತೆ ಅಣ್ಣ. "ಅಣ್ಣ ಹೇಳಿದ್ದು ಸರಿ," ಎಂದನಂತೆ ತಮ್ಮ. ಆ ಮಾತು ಕೇಳಿ ಅಣ್ಣನೇ ಬೆಚ್ಚಿಬಿದ್ದನೆಂದು ಡಾಕ್ಟರು ಫೋನಿನಲ್ಲಿ ಹೇಳುತ್ತಾ ಬಿದ್ದುಬಿದ್ದು ನಕ್ಕರು. "ಬಂದು ಹಾಡ್ರಪ್ಪ, ಸೇರಿಸ್ಕೋತೀನಿ ಅಂದೆ. ಅಕ್ಕ, ಇಬ್ಬರನ್ನೂ ಮತ್ತೆ ಹಾಕಿಬಿಡಿ." ಅವಳು ಹಾಕಿದಳು. ಎರಡು ಚೌಕಗಳು ಹಿಂದಿನ ಸಾಲಿನಲ್ಲಿ ಮತ್ತೆ ಮೂಡಿದವು. ಕೋಪಿಸಿಕೊಂಡು ಹೋದವರಿಗೆ ಮರಳಿ ಬರುವ ದಾರಿ ಇಷ್ಟು ಹಗುರ. ಅವಳು ಅವರ ಮೇಲೆ ಅಸೂಯೆಪಟ್ಟಳು. ಗಂಟಲಿದ್ದೂ ಒಂದು ವರ್ಷ ನೀರುಪಾಲು ಮಾಡಿದರಲ್ಲ ಎಂದು ಸಿಟ್ಟೂ ಬಂತು.

"ಇನ್ನೊಂದು ಅಕ್ಕ, ಎರಡನೇ ಸಾಲಲ್ಲಿ ಒಂದು ಚೌಕ ಖಾಲಿ ತೋರಿಸ್ತಿದೆ. ನಾನು ಹಾಗೇ ಟೇಪು ಅಂಟಿಸ್ಲಾ?"

"ಹಾಗೇ ಅಂಟಿಸಿ," ಎಂದಳು.

ಆ ಶನಿವಾರ, ಸೇರಿಸಿದವರೆಲ್ಲ ಪುಟದಲ್ಲಿ ಸರಿಯಾಗಿ ಕಾಣುತ್ತಿದ್ದಾರೋ ನೋಡುವ ನೆಪದಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದು, ಮೇಷ್ಟ್ರ ಬೆನ್ನ ಹಿಂದಿನ ಗೋಡೆಯ ಬಳಿ ಕುರ್ಚಿಯೊಂದರಲ್ಲಿ ಕೂತಳು. ಎಲ್ಲರೂ ತಂತಮ್ಮ ಗುರುತಿನ ಮೇಲೆ ನಿಂತಿದ್ದರು. ಎರಡನೇ ಸಾಲಿನ ನಡುವೆ ಒಬ್ಬರು ನಿಲ್ಲುವಷ್ಟು ತೆರಪಿತ್ತು. ಅದರ ಮೂಲಕ ಹಿಂದಿನ ಸಾಲಿನ ಬೀಗದ ತಮ್ಮನ ಅಂಗಿಯ ಗುಂಡಿಗಳು ಕಾಣುತ್ತಿದ್ದವು. ಅವಳಿಗೆ ಅದು ನೋಡಲು ಹಿತವಾಗಿತ್ತು, ಮನೆಯಲ್ಲಿ ತನ್ನ ತಟ್ಟೆಯನ್ನು ಯಾರೂ ಎತ್ತಿಡದೆ ಬಿಟ್ಟಂತೆ.

ಹಾಡು ತೊಡಗಿತು. ಪದ್ಯದ ಮೂರನೆಯ ಸಾಲಿಗೆ ಬರುವಾಗ ಏನೋ ಇಳಿಯುತ್ತಿದೆ ಎನ್ನಿಸಿತು. ಮೇಷ್ಟ್ರಿಗಿಂತ ಮೊದಲು ಅವಳಿಗೆ ಕೇಳಿಸಿತು. ದರ್ಜಿಯಕ್ಕನ ಸ್ವರ, ಒದ್ದೆ ಬಟ್ಟೆ ಹಗ್ಗದಿಂದ ಜಾರುವ ಹಾಗೆ, ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿತ್ತು. ಅವಳ ಬಲಕ್ಕಿದ್ದವರನ್ನೂ ಜೊತೆಗೆ ಎಳೆಯುತ್ತಿತ್ತು. ಕುರ್ಚಿಯಲ್ಲಿ ಕೂತವಳ ಗಂಟಲು ತಾನಾಗಿ ಬಿಗಿಯಿತು, ಎತ್ತಿಹಿಡಿಯಲೆಂಬಂತೆ. ಎತ್ತಲು ಅಲ್ಲೇನೂ ಇರಲಿಲ್ಲ.

ಮೇಷ್ಟ್ರು ನಿಲ್ಲಿಸಿದರು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ ಇಳಿಯಿತು.

"ಏನಮ್ಮ ದರ್ಜಿ, ಯಾವತ್ತೂ ಇಲ್ಲದ್ದು?"

"ನಾನೇನು ಮಾಡ್ಲಿ ಮೇಷ್ಟ್ರೇ, ಎಡಗಡೆ ಯಾರೂ ಇಲ್ಲ. ಬಾವಿ ಕಟ್ಟೆ ಮೇಲೆ ನಿಂತ ಹಾಗಾಗತ್ತೆ. ಆ ಕಡೆಯಿಂದ ಏನೂ ಕೇಳಿಸಲ್ಲ, ಕಿವಿ ಖಾಲಿ ಹೊಡೆಯತ್ತೆ."

ಮೇಷ್ಟ್ರು ಡಾಕ್ಟರ ಕಡೆ ತಿರುಗಿದರು. "ಅಲ್ಲಿ ಯಾರು ಬರಬೇಕು?"

ಡಾಕ್ಟರು ಬಿಳಿ ಟೇಪನ್ನು ನೋಡಿದರು, ಸೂರು ನೋಡಿದರು.

ಹಿಂದೆ ಕೂತವಳು ಲ್ಯಾಪ್‌ಟಾಪನ್ನು ಮಂಡಿಯ ಮೇಲಿಟ್ಟು ತೆರೆದಳು. ಖಾಲಿ ಚೌಕ ಬಿಡಿಸಲು ತಾನು ಬರೆದಿದ್ದ ಷರತ್ತನ್ನು ಅಳಿಸಿದಳು. ಆ ಜಾಗದ ಸಂಖ್ಯೆಯನ್ನು ಹಾಕಿ, ಅಲ್ಲಿಂದ ಒಂದನ್ನು ಪೂರ್ತಿಯಾಗಿ ತೆಗೆದುಬಿಡುವ ಒಂದೇ ಸಾಲು ಬರೆದಳು. ಬೆರಳು ಗುಂಡಿಯ ಮೇಲೆ ತುಸು ಹೊತ್ತು ನಿಂತಿತು. ಈ ಸಲ ಮುಚ್ಚಳ ಮುಚ್ಚಲಿಲ್ಲ, ಕೊನೆಯವರೆಗೆ ನೋಡಿದಳು. ಖಾಲಿ ಚೌಕ ಮಾಸಿತು, ದರ್ಜಿಯಕ್ಕನ ಹೆಸರು ಎಡಕ್ಕೆ ಸರಿಯಿತು, ಅದರ ಹಿಂದೆ ಉಳಿದವೆಲ್ಲ ಒಂದೊಂದೇ ಸರಿದವು. ಸಾಲು ಮುಚ್ಚಿಕೊಂಡಿತು.

"ಯಾರೂ ಬರಲ್ಲ ಮೇಷ್ಟ್ರೇ," ಎಂದಳು ತನ್ನ ಹರಿದ ದನಿಯಲ್ಲಿ, ಕೋಣೆಯ ಆ ತುದಿಯಿಂದ. "ಎಡಕ್ಕೆ ಸರೀರಿ ಎಲ್ಲ. ಮೊಣಕೈ ತಾಗೋ ಹಾಗೆ."

ಡಾಕ್ಟರು ಬಗ್ಗಿ ಟೇಪಿನ ತುಂಡನ್ನು ಕಿತ್ತರು. ಚಪ್ಪಲಿಗಳು ಮರದ ಮೇಲೆ ಉಜ್ಜಿದವು. ದರ್ಜಿಯಕ್ಕ ಒಮ್ಮೆ ಅವಳ ಕಡೆ ನೋಡಿ, ಪಕ್ಕದವಳಿಗೆ ಒತ್ತಿ ನಿಂತಳು. ತೆರಪಿನಲ್ಲಿ ಕಾಣುತ್ತಿದ್ದ ಅಂಗಿಯ ಗುಂಡಿಗಳು ಮರೆಯಾದವು.

ಮೇಷ್ಟ್ರು ಕೈಯೆತ್ತಿದರು. ಮೆಟ್ಟಿಲ ಮೇಲಿದ್ದವರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಗೋಡೆಯ ಬಳಿಯ ಕುರ್ಚಿಯಲ್ಲಿ ಅವಳೂ ಎಳೆದುಕೊಂಡಳು. ಅವರದು ಹಾಡಾಗಿ ಹೊರಬಂತು. ಅವಳದು ಬಹಳ ಹೊತ್ತು ಒಳಗೇ ಇತ್ತು.